ಎಂಟನೇ ಕಥೆಗೆ ಸೊನ್ನೆ

ಟವೆಲ್ ಕೆಳಗೆ ಕೈ ಹಾಕಿ ಕಥೆಗೆ ಅಂಕ ಕೊಡುವ ಪದ್ಧತಿ ನಮ್ಮ ಬ್ಯಾಡಗಿ ಬಿಟ್ಟರೆ ಇನ್ನೆಲ್ಲಿಯೂ ಇರಲಿಕ್ಕಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ.

ನಮ್ಮ ಓದುಗರ ಬಳಗ ವರ್ಷಕ್ಕೊಮ್ಮೆ ಅರ್ಧ ಪುಟದ ಕಥೆಗಳ ಸ್ಪರ್ಧೆ ಇಡುತ್ತದೆ. ಯಾವ ಕಥೆಯ ಮೇಲೂ ಹೆಸರಿರುವುದಿಲ್ಲ. ಮಾರುಕಟ್ಟೆಯ ಯಾರ್ಡಿನಲ್ಲಿ ಮೆಣಸಿನಕಾಯಿ ರಾಶಿಗೆ ಹಾಕುವಂತೆ ಬರೀ ನಂಬರು. ಕಥೆ ಓದಿದ ಮೇಲೆ ಸುತ್ತ ಕುಳಿತವರು ಅಭಿಪ್ರಾಯ ಹೇಳುತ್ತಾರೆ, ಕೊನೆಗೆ ಬರೆದವರು, ಬರೆಯದವರು ಎಲ್ಲರೂ ಮತ ಹಾಕುತ್ತಾರೆ. ಮೊದಲ ವರ್ಷ ಅಂಕಗಳನ್ನು ಚೀಟಿಯಲ್ಲಿ ಬರೆದು ಹಾಕಿದ್ದರಂತೆ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಅಕ್ಷರ ಗೊತ್ತು. ನಬಿಸಾಬ ಮಾಸ್ತರರು ತನ್ನ ಕಥೆಗೆ ಒಂದೇ ಅಂಕ ಕೊಟ್ಟಿದ್ದಾರೆಂದು ಅಕ್ಷರದಿಂದಲೇ ಹಿಡಿದ ಫಕ್ಕೀರವ್ವ ಮುಂದಿನ ಸ್ಪರ್ಧೆಯವರೆಗೆ ಅವರ ಜೊತೆ ಮಾತು ಬಿಟ್ಟಳು.

ಆಗ ದಲಾಲಿ ಅಂಗಡಿಯ ಅಂದಾನೆಪ್ಪನವರು, "ಚೀಟಿ ಗೀಟಿ ಬ್ಯಾಡ. ನಮ್ಮಪ್ಪನ ಕಾಲದಾಗ ಟವೆಲ್ ಕೆಳಗ ಕೈ ಹಿಡದು ರೇಟ್ ಮುಗಸ್ತಿದ್ರು. ಹಂಗ ಮಾಡೂಣು" ಅಂದರು. ಅಂದಿನಿಂದ ಹಾಗೆಯೇ ನಡೆದಿದೆ.

ಲೆಕ್ಕ ಸುಲಭ. ಅಂಕ ತೆಗೆದುಕೊಳ್ಳುವವರ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ನಿಮ್ಮದೇ ಕಥೆಯ ನಂಬರು ಬಂದಾಗ ಏನನ್ನೂ ಹಿಡಿಯಬಾರದು, ಅಂಗೈಯನ್ನು ಸುಮ್ಮನೆ ಅವರ ಅಂಗೈ ಮೇಲೆ ಇಡಬೇಕು. ಅದು ಸೊನ್ನೆ. "ತನ್ನ ಮಾಲಿಗೆ ತಾನ ರೇಟ್ ಹೇಳಂಗಿಲ್ಲ" ಎಂಬುದು ಅಂದಾನೆಪ್ಪನವರ ನಿಯಮ. ಹೀಗಾಗಿ ಯಾವ ಕಥೆ ಯಾರದು ಎಂಬುದು ಅಂಕ ತೆಗೆದುಕೊಳ್ಳುವವರಿಗೆ ಮಾತ್ರ ತಿಳಿಯುತ್ತದೆ. ಗೆದ್ದ ಕಥೆ ಯಾವುದೆಂದು ತೀರ್ಮಾನವಾಗುವವರೆಗೆ ಅವರು ಬಾಯಿ ಬಿಡಬಾರದು, ತಾವು ಕಥೆ ಬರೆಯಲೂಬಾರದು. ಸೊನ್ನೆಯೇ ಬೀಳದ ಕಥೆಯಿದ್ದರೆ ಬರೆದವರು ಮತ ಹಾಕಿಲ್ಲವೆಂದು ಅರ್ಥ, ಆ ಕಥೆಯನ್ನು ತೆಗೆದುಹಾಕುತ್ತಾರೆ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ನಮ್ಮ ಪಕ್ಕದ ಮನೆಯ, ಬಳಗ ನಡೆಸುವ ಬಿಬಿಜಾನ್ ಟೀಚರ್. ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ ಅದು. "ಶೈಲಶ್ರೀ, ಅರ್ಧ ಪುಟ ಬರೀಬೇಕವಾ. ನೀ ಬರೀತನಕ ನಾ ನಿಮ್ಮ ಕಟ್ಟಿ ಬಿಟ್ಟು ಏಳಂಗಿಲ್ಲ" ಎಂದು ಕುಳಿತರು. ಬರೆದುಕೊಟ್ಟೆ. ಆಗೆಲ್ಲ ನಾನು ಯಾರು ಏನು ಹೇಳಿದರೂ ಮಾಡುತ್ತಿದ್ದೆ. ಊಟ ಮಾಡು ಅಂದರೆ ಊಟ, ಮಲಗು ಅಂದರೆ ನಿದ್ದೆ. ಬೇಡ ಅನ್ನಲು ಮೊದಲು ಬೇಡ ಅನ್ನಿಸಬೇಕಲ್ಲ.

ನನ್ನ ಗಂಡ ಪ್ರೇಮಕುಮಾರ ಹೋಗಿ ಎರಡು ವರ್ಷವಾಗಿತ್ತು. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ರಾಣೇಬೆನ್ನೂರಿಗೆ ಬರುವಾಗ ಹೈವೇಯಲ್ಲಿ ಲಾರಿ ಬಡಿದಿತ್ತು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಒಳ್ಳೆಯ ಮನುಷ್ಯ. ಅವನು ಹೋದಾಗ ನಾನು ಅಳಲಿಲ್ಲ, ಆಮೇಲೂ ಅಳಲಿಲ್ಲ. ಅತ್ತೆಯ ಮನೆಯವರು ಕಲ್ಲು ಅಂದರು. ಅದಕ್ಕೂ ಸಿಟ್ಟು ಬರಲಿಲ್ಲ. ತವರಿಗೆ ಬಂದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಊರಿಗೆ ಊರೇ ಕೆಮ್ಮುತ್ತದೆ, ನನಗೆ ಮಾತ್ರ ಒಂದು ಸೀನೂ ಬರುತ್ತಿರಲಿಲ್ಲ.

ಸ್ಪರ್ಧೆಯ ಭಾನುವಾರ ಮುಂಜಾನೆ ರೊಟ್ಟಿ ಬಡಿಯುತ್ತ ಅವ್ವ ಕೇಳಿದಳು, "ಹಾವೇರಿಯವ್ರು ಇವತ್ತ ಸಂಜಿಕ ಐದಕ್ಕ ಫೋನ್ ಮಾಡ್ತಾರ. ಏನ್ ಹೇಳ್ಲೆ?"

ಹಾವೇರಿಯವರು ಅಂದರೆ ಬಟ್ಟೆ ಅಂಗಡಿಯ ಸುಭಾಷನ ಮನೆಯವರು. ಅವನ ಹೆಂಡತಿಯೂ ತೀರಿಕೊಂಡಿದ್ದಳು. ನೋಡಲು ಬಂದಾಗ ಒಂದು ಲೋಟ ಚಹಾ ಕುಡಿದು, ಸಕ್ಕರೆ ಸರಿಯಾಗಿದೆ ಅಂದಿದ್ದ. ದೂರಲು ಏನೂ ಇರಲಿಲ್ಲ.

"ಹ್ಞೂಂ ಅನ್ನು" ಎಂದೆ.

"ಮನಸಿನಿಂದ ಹೇಳ್ತೀಯೇನ?"

"ಹ್ಞೂಂ ಅಂದೆನಲ್ಲವಾ."

ಅವ್ವ, ಮಂಗಳವ್ವ ಅವಳ ಹೆಸರು, ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಮುಖ ನೋಡಿದಳು. "ಯವ್ವಾ, ಬ್ಯಾಡ ಅಂತಾದ್ರೂ ಒಮ್ಮೆ ಜಗಳ ಮಾಡ. ನನಗ ಸಮಾಧಾನ ಆಗ್ತೈತಿ" ಅಂದಳು. ನಾನು ತಟ್ಟೆ ತೊಳೆಯಲು ಎದ್ದೆ.

* * *

ಬಳಗ ಸೇರುವುದು ಅಂದಾನೆಪ್ಪನವರ ದಲಾಲಿ ಅಂಗಡಿಯಲ್ಲಿ. ಭಾನುವಾರ ವ್ಯಾಪಾರವಿರುವುದಿಲ್ಲ. ಚೀಲಗಳನ್ನು ಗೋಡೆಗೆ ಒತ್ತಿ, ಜಮಖಾನ ಹಾಸಿದ್ದರು. ಒಳಗೆ ಕಾಲಿಟ್ಟವರೆಲ್ಲ ಸೀನುತ್ತ ಬಂದರು. ಅಂದಾನೆಪ್ಪನವರ ಜಾಗದಲ್ಲಿ ಬೇರೆಯವರು ಕುಳಿತಿದ್ದರು.

"ಅಪ್ಪ ನಿನ್ನೆ ಬಚ್ಚಲದಾಗ ಜಾರಿ ಬಿದ್ದಾನ. ಬಲಗೈಗೆ ಪ್ಲಾಸ್ಟರ್ ಹಾಕ್ಯಾರ. ಟವೆಲ್ ನೀ ಹಿಡಿ ಅಂದ" ಎಂದ ರುದ್ರಮುನಿ.

ರುದ್ರಮುನಿ ಅಂದಾನೆಪ್ಪನವರ ಮಗ, ಹಾವೇರಿ ರಸ್ತೆಯ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್. ನಮ್ಮ ಅಪ್ಪನಿಗೆ ದಮ್ಮು. ಥಂಡಿಯಲ್ಲಿ ಕಾಲಿಡುವಂತಿಲ್ಲ, ಆದ್ದರಿಂದ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ನಮ್ಮ ಮೆಣಸಿನಕಾಯಿ ಚೀಲ ನೋಡಿ ಬರಲು ತಿಂಗಳಿಗೊಮ್ಮೆ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಹಮಾಲರು, ಕಾವಲುಗಾರ, ಲೆಕ್ಕದವರು ಎಲ್ಲರೂ ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ಅನ್ನದವನು ಇವನೊಬ್ಬನೇ. ಯಾಕೆಂದು ನಾನು ಯೋಚಿಸಿರಲಿಲ್ಲ. ಆಗ ಯಾವುದನ್ನು ಯೋಚಿಸುತ್ತಿದ್ದೆ ನಾನು?

"ಹೆಣ್ಣಮಕ್ಕಳು ಮುಜುಗರ ಮಾಡ್ಕೋಬ್ಯಾಡ್ರಿ. ಇದು ಮತದ ಕೈ" ಎಂದರು ಬಿಬಿಜಾನ್ ಟೀಚರ್.

"ಎಂಥಾ ಮುಜುಗರರೀ ಟೀಚರ್? ವರ್ಷಾ ವರ್ಷಾ ಅಂದಾನೆಪ್ಪನ ಮುದಿ ಕೈ ಹಿಡದು ಸಾಕಾಗಿತ್ತು. ಈ ಸಲ ಹುಡುಗನ ಕೈ ಸಿಕ್ಕೈತಿ" ಅಂದಳು ಫಕ್ಕೀರವ್ವ. ಅವಳಿಗೆ ಎಪ್ಪತ್ತರ ಹತ್ತಿರ. ಎಲ್ಲರೂ ನಕ್ಕರು. ರುದ್ರಮುನಿ ಕಿವಿ ಕೆಂಪಾಗಿ ಟವೆಲನ್ನು ಬಿಚ್ಚಿ ಮತ್ತೆ ಮಡಚಿದ. ಆಗ ಒಮ್ಮೆ ನನ್ನತ್ತ ನೋಡಿ, ನಾನು ನೋಡಿದ್ದನ್ನು ಕಂಡು ಮೇಲಿನ ಫ್ಯಾನ್ ನೋಡತೊಡಗಿದ. ಫ್ಯಾನ್ ತಿರುಗುತ್ತಿರಲಿಲ್ಲ, ಕರೆಂಟ್ ಇರಲಿಲ್ಲ.

ಮೂರನೇ ನಂಬರಿನದು ನನ್ನ ಕಥೆ. ಒಬ್ಬಳ ಗಂಡನ ಹೆಣ ಅಂಗಳಕ್ಕೆ ಬರುತ್ತದೆ. ಎಲ್ಲರೂ ಅಳುತ್ತಿರುವಾಗ ಅವಳಿಗೆ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದು ಹೋಗುತ್ತಾಳೆ. ಒಲೆ ಆರಿಸಿ, ಹಾಲು ಸೋಸಿ, ಮುಚ್ಚಳ ಮುಚ್ಚಿ ಬಂದು ಕೂಡುತ್ತಾಳೆ. ಅಷ್ಟೇ. ಟೀಚರ್ ಓದಿ ಮುಗಿಸಿದರು.

"ನನಗ ತಿಳದಷ್ಟು ಹೇಳ್ತೇನಿ" ಎಂದು ನಬಿಸಾಬ ಮಾಸ್ತರರು ಶುರುಮಾಡಿದರು. "ಭಾಷಾ ಚಲೋ ಐತಿ. ಆದ್ರ ಖರೇ ಅನಸಂಗಿಲ್ರಿ. ಗಂಡ ಸತ್ತು ಬಿದ್ದಾಗ ಯಾವ ಹೆಣ್ಣಮಗಳಿಗೆ ಹಾಲಿನ ನೆಪ್ಪ ಬರ್ತೈತಿ?"

"ಗಂಡಸರು ಬರದಿರಬೇಕು. ಹೆಂಗಸರ ಕರುಳು ಅವರಿಗೇನ ತಿಳೀತೈತಿ?" ಅಂದಳು ಫಕ್ಕೀರವ್ವ.

"ಕಡೀಕಾದ್ರೂ ಅಳಬೇಕಿತ್ರಿ. ಹಾಲು ನೋಡಿ ಒಂದ್ ಹನಿ ಕಣ್ಣೀರು ಹಾಕಿದ್ರ ಕಥಿ ಎದ್ದು ನಿಲ್ತಿತ್ತು" ಎಂದರು ಇನ್ನೊಬ್ಬರು.

ನಾನು ಜಮಖಾನದ ಅಂಚಿನ ದಾರ ಎಳೆಯುತ್ತ ಕೇಳಿದೆ. ಬೇರೆ ಯಾರದೋ ಹೊಲದ ಬೆಳೆಯ ಬಗ್ಗೆ ಮಾತಾಡುತ್ತಿದ್ದಂತೆ ಇತ್ತು. ಅವರು ಹೇಳುತ್ತಿದ್ದುದೂ ಸರಿಯೇ, ಹಾಗೆ ಯಾರೂ ಮಾಡುವುದಿಲ್ಲ. ಆದರೆ ನಾನು ಮಾಡಿದ್ದೆ.

"ಬರ್ತೈತ್ರಿ" ಅಂದ ರುದ್ರಮುನಿ.

ಎಲ್ಲರೂ ತಿರುಗಿದರು. ಟವೆಲ್ ಹಿಡಿಯುವವರು ಅಭಿಪ್ರಾಯ ಹೇಳುವಂತಿಲ್ಲ.

"ತಪ್ಪಾತು ಟೀಚರ್. ಒಂದ ಮಾತು. ನಮ್ಮವ್ವ ಸತ್ತ ದಿವಸ ನಾ ಸೈಕಲ್ಲಿನ ಪಂಕ್ಚರ್ ತಿದ್ದಸಾಕ ಹೋಗಿದ್ದೆ. ಅಂಗಡಿ ಮುಂದ ಕುಂತು, ಟ್ಯೂಬ್ ನೀರಾಗ ಹಾಕಿ ಗುಳ್ಳಿ ಎಲ್ಲಿ ಬರ್ತಾವು ಅಂತ ನೋಡ್ಕೋತ ಕುಂತಿದ್ದೆ. ಮಂದಿ ನನ್ನ ಹುಡುಕಾಕತ್ತಿದ್ರು." ಅವನು ಕೆಮ್ಮಿದ. "ಹಂಗಾಗಿ, ಹಾಲಿನ ನೆಪ್ಪ ಬರ್ತೈತ್ರಿ. ಅಷ್ಟ."

ಟೀಚರ್ ಗದರಲಿಲ್ಲ. ನಾನು ಎಳೆಯುತ್ತಿದ್ದ ದಾರ ಕಿತ್ತು ಬಂತು. ಎರಡು ವರ್ಷದಲ್ಲಿ ನನ್ನನ್ನು ಕಲ್ಲು ಅನ್ನದ ಮೊದಲ ಮಾತು ಅದು, ಅದನ್ನು ಆಡಿದವನಿಗೆ ಆ ಕಥೆ ನನ್ನದೆಂದು ಇನ್ನೂ ಗೊತ್ತಿರಲಿಲ್ಲ.

ಉಳಿದ ಕಥೆಗಳು ಒಂದೊಂದಾಗಿ ಮುಗಿದವು. ಎಂಟನೆಯದು ಕೊನೆಯದು. ಟೀಚರ್ ಕನ್ನಡಕ ಒರೆಸಿಕೊಂಡು ಓದಿದರು.

"ಅವಳು ಬರುವ ದಿನ ಅವನು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಒಂದು ಶಾಲು ಇಡುತ್ತಾನೆ. ಕೋಲ್ಡ್ ಸ್ಟೋರೇಜಿನ ಒಳಗೆ ಹೋದ ಹಮಾಲರು ಕೋಟು, ಮಂಕಿ ಟೊಪ್ಪಿಗೆ ಹಾಕಿಕೊಂಡೂ ನಡುಗುತ್ತ ಹೊರಗೆ ಓಡಿಬರುತ್ತಾರೆ. ಅವಳು ಮಾತ್ರ ತೆಳ್ಳನೆಯ ಸೀರೆಯಲ್ಲಿ ನಿಂತು ತಮ್ಮ ಚೀಲಗಳನ್ನು ನೋಡುತ್ತಾಳೆ. ಥಂಡಿ ಅನ್ನುವುದಿಲ್ಲ. ಥಂಡಿ ಅನ್ನದವರಿಗೆ ಶಾಲು ಹೇಗೆ ಕೊಡಬೇಕೆಂದು ಅವನಿಗೆ ತಿಳಿಯುವುದಿಲ್ಲ. ಹೊರಗೆ ಬಂದು ಅವಳು ಶಾಲಿನ ಮೇಲಿದ್ದ ತನ್ನ ಬ್ಯಾಗ್ ತೆಗೆದುಕೊಂಡು ಹೋಗುತ್ತಾಳೆ. ಅವನು ಶಾಲನ್ನು ಮಡಚಿ ಒಳಗಿಡುತ್ತಾನೆ, ಮುಂದಿನ ತಿಂಗಳಿಗೆ."

ನನ್ನ ಬ್ಯಾಗ್ ನನ್ನ ತೊಡೆಯ ಮೇಲಿತ್ತು. ಅದನ್ನು ನೋಡಿದೆ. ಬಾಗಿಲ ಪಕ್ಕದ ಕುರ್ಚಿ ಗೊತ್ತು, ಅದರ ಮೇಲೆ ಏನೋ ಬಟ್ಟೆ ಇರುತ್ತಿದ್ದುದೂ ಗೊತ್ತು. ಪ್ರತಿ ಸಲ ಅದರ ಮೇಲೆಯೇ ಬ್ಯಾಗ್ ಇಟ್ಟು ಒಳಗೆ ಹೋಗುತ್ತಿದ್ದೆ. ಅದು ಯಾಕೆ ಅಲ್ಲಿದೆ ಎಂದು ಕೇಳಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

"ಕಥ್ಯಾಗ ಏನೂ ಆಗಂಗಿಲ್ಲಲ್ರಿ" ಎಂದರು ನಬಿಸಾಬ ಮಾಸ್ತರರು. "ಗಂಡಸಾಗಿ ಒಂದ್ ಶಾಲು ಕೊಡಾಕ ಧೈರ್ಯ ಇಲ್ಲಂದ್ರ?"

"ನೀವು ಸುಮ್ಮನ ಕುಂದ್ರಿ ಮಾಸ್ತರ. ನನಗರ ಭಾಳ ಸೇರಿತು" ಅಂದಳು ಫಕ್ಕೀರವ್ವ. "ಆದ್ರ ಆ ಹುಡುಗಿ ಭಾಳ ಬೆರಕಿ, ಬೇಕಂತ ಹಂಗ ಮಾಡ್ತಿರಬೇಕು. ಎದುರಿಗಿದ್ದ ಶಾಲು ಕಾಣಂಗಿಲ್ಲೇನು?"

"ಕಾಣಂಗಿಲ್ಲರೀ" ಅಂದೆ ನಾನು. ಧ್ವನಿ ನನ್ನದೇ ಎಂದು ಆಮೇಲೆ ತಿಳಿಯಿತು.

"ಏನವಾ ಶೈಲಶ್ರೀ, ಹೇಳು. ಮುಂಜಾನಿಂದ ಬಾಯೇ ತೆಗದಿಲ್ಲ ನೀನು" ಎಂದರು ಟೀಚರ್.

ಎಲ್ಲರೂ ನನ್ನತ್ತ ನೋಡಿದರು. ರುದ್ರಮುನಿ ಮಾತ್ರ ನೋಡಲಿಲ್ಲ. ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದ.

"ಶಾಲಿನ ಬಣ್ಣ ಯಾವದು ಅಂತ ಬರದಿಲ್ಲ" ಅಂದೆ. "ಅಷ್ಟು ತಿಂಗಳು ಇಟ್ಟಾನಂದ ಮ್ಯಾಲೆ ಬಣ್ಣ ಹೇಳಬೇಕಿತ್ತು."

ಅವನು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಅದು ಯಾರ ಕಥೆಯೆಂದು ನನಗೆ ಖಚಿತವಾಯಿತು. ಉಳಿದವರಿಗೆ ಹೊಳೆಯಲಿಲ್ಲ, ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಬೇಕಾದಷ್ಟಿವೆ, ಟವೆಲ್ ಹಿಡಿದವರು ಬರೆಯುವಂತೆಯೂ ಇಲ್ಲ.

* * *

ಮತ ಶುರುವಾಯಿತು. ಒಬ್ಬೊಬ್ಬರೇ ಹೋಗಿ ರುದ್ರಮುನಿಯ ಎದುರು ಕುಳಿತು ಟವೆಲ್ ಕೆಳಗೆ ಕೈ ಇಡುತ್ತಿದ್ದರು. ಟೀಚರ್ ನಂಬರು ಕೂಗುತ್ತಿದ್ದರು, ಅವನು ಎಡಗೈಯಿಂದ ಹಾಳೆಯ ಮೇಲೆ ಆಯಾ ಕಥೆಯ ಕೆಳಗೆ ಅಂಕ ಬರೆದುಕೊಳ್ಳುತ್ತಿದ್ದ. ಫಕ್ಕೀರವ್ವ ಬೇಕೆಂದೇ ತಡಮಾಡಿ ಅವನ ಕೈ ಬಿಟ್ಟು ಎದ್ದಳು.

ನನ್ನ ಸರದಿ ಬಂತು. ಕೈ ಇಟ್ಟೆ. ಅವನ ಅಂಗೈ ಬೆವೆತು ಒದ್ದೆಯಾಗಿತ್ತು.

"ಒಂದು" ಎಂದರು ಟೀಚರ್. ಎರಡು ಬೆರಳು ಹಿಡಿದೆ.

"ಎರಡು." ಮೂರು ಬೆರಳು.

"ಮೂರು." ಏನನ್ನೂ ಹಿಡಿಯದೆ ಅಂಗೈಯನ್ನು ಅವನ ಅಂಗೈ ಮೇಲೆ ಬಿಟ್ಟೆ.

ಬರೆಯುತ್ತಿದ್ದ ಎಡಗೈ ನಿಂತಿತು. ಅವನು ತಲೆಯೆತ್ತಿದ. ಕಣ್ಣಲ್ಲಿ ಆಶ್ಚರ್ಯವಿತ್ತು, ಆಮೇಲೆ ಆಶ್ಚರ್ಯ ಹೋಗಿ ಬೇರೇನೋ ಬಂತು. ನನ್ನ ಕಥೆಯ ಹಾಲು, ಅವನ ಸೈಕಲ್ ಟ್ಯೂಬು, ಎರಡೂ ನಮ್ಮಿಬ್ಬರ ನಡುವೆ ಇದ್ದವು. ಅಯ್ಯೋ ಪಾಪ ಅನ್ನುವ ನೋಟವನ್ನು ನಾನು ಚೆನ್ನಾಗಿ ಬಲ್ಲೆ, ಎರಡು ವರ್ಷದಿಂದ ಅದನ್ನೇ ಉಂಡಿದ್ದೇನೆ. ಇದು ಅದಲ್ಲ. ಅವನು ಸೊನ್ನೆ ಬರೆದ.

ನಾಲ್ಕು, ಐದು, ಆರು, ಏಳು ಆದವು.

"ಎಂಟು."

ಖರೇ ಹೇಳುತ್ತೇನೆ, ಐದು ಅಂಕ ಕೊಡಬೇಕೆಂದೇ ಕುಳಿತಿದ್ದೆ. ಇಡೀ ಕೈ ಹಿಡಿದುಬಿಟ್ಟರೆ ಆಗುತ್ತಿತ್ತು. ಆದರೆ ಆ ಕಥೆಯೊಳಗೆ ತೆಳ್ಳನೆಯ ಸೀರೆಯಲ್ಲಿ ನಿಂತವಳು ನಾನು. ಎರಡು ವರ್ಷ ನಾನು ಎಲ್ಲಿದ್ದೇನೆಂದು ನನಗೇ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಅದಕ್ಕೆ ಎಷ್ಟು ಅಂಕ ಕೊಡುವುದು? ಬೆರಳು ಮಡಚಲಿಲ್ಲ. ಅಂಗೈ ಅಂಗೈ ಮೇಲೆಯೇ ಉಳಿಯಿತು.

"ರೇಟ್ ಹೇಳ್ರಿ" ಎಂದ ಪಿಸುದನಿಯಲ್ಲಿ.

"ಹೇಳೀನಲ್ರಿ."

"ಇದು... ಇದು ಸೊನ್ನಿ ಆಗ್ತೈತಿ."

"ಗೊತ್ತೈತಿ. ಬರಕೊಳ್ರಿ."

"ಏನ್ ನಡದೈತಿ ಅಲ್ಲಿ? ಚೌಕಾಶಿಯೇನು?" ಎಂದು ಟೀಚರ್ ಕೂಗಿದರು. ನಾನು ಕೈ ತೆಗೆದುಕೊಂಡು ಬಂದು ನನ್ನ ಜಾಗದಲ್ಲಿ ಕುಳಿತೆ. ಅಂಗೈ ಒದ್ದೆಯಾಗಿತ್ತು. ಸೆರಗಿಗೆ ಒರೆಸಿಕೊಳ್ಳಲಿಲ್ಲ.

ಟೀಚರ್ ಹಾಳೆ ತೆಗೆದುಕೊಂಡು ಕೂಡಿಸಿದರು. ಎಲ್ಲ ಕಥೆಗೂ ಒಂದೊಂದು ಸೊನ್ನೆ ಬಿದ್ದಿತ್ತು, ತಕರಾರಿರಲಿಲ್ಲ. "ಎಂಟನೇ ಕಥಿ ಮೊದಲ ಬಂದೈತಿ. ಎರಡನೇದು ಐದನೇ ಕಥಿ. ರುದ್ರಮುನಿ, ಈಗ ಬಾಯಿ ಬಿಡು. ಎಂಟಕ್ಕ ಸೊನ್ನಿ ಇಟ್ಟ ಕೈ ಯಾರದು?"

ಶೈಲಶ್ರೀಯವರದು ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಅವನು ತಪ್ಪಿಸಿಕೊಳ್ಳುತ್ತಿದ್ದ. ನನ್ನ ಸೊನ್ನೆ ಇಲ್ಲದಿದ್ದರೆ ಆ ಕಥೆ ಆಗಲೇ ಸಿಕ್ಕಿಬೀಳುತ್ತಿತ್ತೆಂದು ನನಗೆ ಹೊಳೆದದ್ದೂ ಆಗಲೇ.

ಅವನು ಎದ್ದು ನಿಂತ. ಟವೆಲನ್ನು ಮಡಚಿ ಟೀಚರ್ ಮುಂದೆ ಇಟ್ಟ.

"ಕಥಿ ನಂದ್ರಿ ಟೀಚರ್. ಅಪ್ಪ ಬೀಳೂಕಿಂತ ಮೊದಲ ಡಬ್ಬಿಗೆ ಹಾಕಿದ್ದೆ. ಟವೆಲ್ ಹಿಡೀಬೇಕು ಅಂದಾಗ ವಾಪಸ್ ತಗೋಬೇಕಿತ್ತು. ತಗೊಳ್ಳಿಲ್ಲ. ಒಬ್ಬರು ಅದನ್ನ ಕೇಳಲಿ ಅಂತ ಆಶಾ ಇತ್ತು." ಅವನು ನೆಲ ನೋಡಿ ಹೇಳುತ್ತಿದ್ದ. "ಅಪ್ಪ ಇಷ್ಟು ವರ್ಷ ಹಿಡದ ಟವೆಲ್. ಇದರ ಮುಂದ ನಿಂತು ಸುಳ್ಳ ಹೇಳಾಕ ಬರಂಗಿಲ್ರಿ. ಕಥಿ ತಗದುಬಿಡ್ರಿ."

ಅಂಗಡಿಯಲ್ಲಿ ಗುಸುಗುಸು ಎದ್ದಿತು. ನಬಿಸಾಬ ಮಾಸ್ತರರು ಧೈರ್ಯದ ಬಗ್ಗೆ ತಾವು ಆಡಿದ ಮಾತು ನೆನಪಾಗಿ ಗಡ್ಡ ಕೆರೆದುಕೊಂಡರು.

"ತಗೀತೇನಿ, ನಿಯಮ ಅಂದ್ರ ನಿಯಮ" ಎಂದರು ಟೀಚರ್. "ಆದ್ರ ಸೊನ್ನಿ ಇಟ್ಟವರು ಯಾರಪಾ ಹಂಗಾರ? ತಮ್ಮದಲ್ಲದ ಕಥಿಗೆ?"

ಹೊಡೆದರೂ ಅವನು ಹೇಳುತ್ತಿರಲಿಲ್ಲ, ಮುಖದಲ್ಲೇ ಬರೆದಿತ್ತು.

"ನಾನ್ರಿ ಟೀಚರ್" ಎಂದು ಎದ್ದೆ.

"ನೀನು? ಯಾಕ ತಂಗಿ? ತನ್ನ ಮಾಲಿಗೆ ಅಲ್ಲೇನು ಸೊನ್ನಿ?"

"ಹೌದ್ರಿ. ಅದರಾಗ ಇರಾಕಿ ನಾನ. ಹಂಗಾಗಿ ಅದು ನನ್ನ ಮಾಲ ಆತಲ್ರಿ."

ನನಗೆ ಹೆದರಿಕೆಯಾಯಿತು. ಹೆದರಿಕೆ ಹೀಗಿರುತ್ತದೆ ಎಂಬುದನ್ನೇ ಮರೆತಿದ್ದೆ. ರುದ್ರಮುನಿ ಈಗ ನೆಲ ಬಿಟ್ಟು ನನ್ನನ್ನು ನೋಡುತ್ತಿದ್ದ. ಫ್ಯಾನ್ ನೋಡಲಿಲ್ಲ, ಗೋಡೆ ನೋಡಲಿಲ್ಲ.

ಫಕ್ಕೀರವ್ವ ದೊಡ್ಡದಾಗಿ ಒಂದು ಸೀನು ಸೀನಿ, "ಖರೇ ಐತಿ!" ಅಂದಳು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬಹುಮಾನದ ಪುಸ್ತಕ ಐದನೇ ಕಥೆಗೆ, ಅಂದರೆ ನಬಿಸಾಬ ಮಾಸ್ತರರಿಗೆ ಹೋಯಿತು. ಅದನ್ನು ನೋಡಿ ಫಕ್ಕೀರವ್ವ ಮತ್ತೆ ಅವರ ಜೊತೆ ಮಾತು ಬಿಡುವ ಲಕ್ಷಣ ಕಂಡಿತು.

* * *

ಮನೆ ಮುಟ್ಟುವಾಗ ಫೋನ್ ಬಡಿದುಕೊಳ್ಳುತ್ತಿತ್ತು. ಅವ್ವ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದು, ರಿಸೀವರ್ ಎತ್ತುವ ಮೊದಲು ನನ್ನತ್ತ ನೋಡಿದಳು.

"ಹ್ಞೂಂ ಅನ್ನಲೇನ?"

"ಬ್ಯಾಡ."

"ಏನಂದಿ?"

"ಬ್ಯಾಡ ಅಂದ್ನಿ. ಅವರದೇನೂ ತಪ್ಪಿಲ್ಲ ಅಂತಾನೂ ಹೇಳು. ನನಗ ಬ್ಯಾಡ."

ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅವ್ವ ಬೈಯಬಹುದೆಂದುಕೊಂಡೆ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು, "ಆಗ್ಲೆವ್ವಾ, ಹೇಳ್ತೇನಿ" ಎಂದು ರಿಸೀವರ್ ಎತ್ತಿದಳು. ಒಳಗೆ ಮಂಚದ ಮೇಲಿದ್ದ ಅಪ್ಪ ಕೆಮ್ಮು ನಿಲ್ಲಿಸಿ ಕೇಳುತ್ತಿದ್ದ.

ಮಂಗಳವಾರ ಕೋಲ್ಡ್ ಸ್ಟೋರೇಜಿಗೆ ಹೋದೆ. ನಮ್ಮ ಚೀಲ ನೋಡುವ ದಿನ ಅದಾಗಿರಲಿಲ್ಲ. ಕಾವಲುಗಾರ, "ಏನ್ ಅಕ್ಕಾರ, ಈ ತಿಂಗಳದ್ದು ಆಗಿತ್ತಲ್ಲ?" ಎಂದ. ಹೌದೆಂದು ಒಳಗೆ ನಡೆದೆ.

ನಾನು ಬರುವುದು ಗೊತ್ತಿಲ್ಲದಿದ್ದರೂ ಕುರ್ಚಿಯ ಮೇಲೆ ಶಾಲು ಇತ್ತು. ನೋಡಿದೆ. ಹಸಿರು, ಅಂಚಿಗೆ ಹಳದಿ ಗೆರೆ, ಒಂದು ಮೂಲೆಯಲ್ಲಿ ನುಸಿ ತಿಂದ ತೂತು. ಬ್ಯಾಗನ್ನು ನೆಲದ ಮೇಲಿಟ್ಟೆ.

ದಪ್ಪ ಬಾಗಿಲು ತೆರೆದು ಒಳಗೆ ಹೋಗಿ, ಚೀಲಗಳ ಸಾಲಿನ ನಡುವೆ ನಿಂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಎಂದಿನಂತೆಯೇ. ಆಮೇಲೆ ಬೆರಳ ತುದಿಗೆ ಹತ್ತಿತು. ಮುಂಗೈಗೆ, ಭುಜಕ್ಕೆ, ಬೆನ್ನಿಗೆ. ಹಲ್ಲು ಕಟಕಟ ಅನ್ನತೊಡಗಿದವು. ಅದರ ಹಿಂದೆಯೇ ಮೆಣಸಿನಕಾಯಿ ಘಾಟು ಮೂಗಿಗೇರಿ ಸೀನಿದೆ, ಮತ್ತೆ ಸೀನಿದೆ, ಕಣ್ಣಲ್ಲಿ ನೀರು ಬಂತು. ಬಂದದ್ದು ನಿಲ್ಲಲಿಲ್ಲ. ಪ್ರೇಮಕುಮಾರನ ಬೈಕು, ಒಲೆಯ ಮೇಲಿನ ಹಾಲು, ಎಲ್ಲವೂ ಅದರೊಳಗಿದ್ದವು. ಚೀಲಕ್ಕೆ ಹಣೆ ಹಚ್ಚಿ ಅತ್ತೆ.

ಬಾಗಿಲ ಬಳಿ ರುದ್ರಮುನಿ ನಿಂತಿದ್ದ. ಒಳಗೆ ಬರಲಿಲ್ಲ. ಅಳು ಮುಗಿಯುವವರೆಗೆ ಆ ಥಂಡಿಯಲ್ಲಿ ಕೋಟಿಲ್ಲದೆ ಕಾದ.

ನಾನು ಮುಖ ಒರೆಸಿಕೊಂಡು ತಿರುಗಿದೆ.

"ರುದ್ರಮುನಿಯವರ" ಅಂದೆ, "ಥಂಡಿ ಹತ್ತೈತ್ರಿ ನನಗ."

ಅವನು ಶಾಲು ತರಲು ಓಡಿದ.